ಪಂಚಮಿಯ ದಿನ ಎದ್ದ ದದ್ದು

(ರೋಗಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

"ಮಂಡಲದ ವಿಷ ತಿರುಗಿ ಏರೇತ್ರಿ ಸಾಹೇಬ್ರ. ಮೈಯೆಲ್ಲಾ ಕೊಳಿಯಾಕ ಹತ್ತೇತಿ, ನೋಡ್ರಿ."

ಅತ್ತೆ ಸೊಸೆಯ ರಟ್ಟೆ ಹಿಡಿದುಕೊಂಡೇ ಒಳಗೆ ಬಂದರು. ಸೊಸೆಗೆ ಮೂವತ್ತು ದಾಟಿರಬೇಕು. ಕಾರಟಗಿ ಕಡೆಯ ಹಳ್ಳಿಯವಳು, ನೆಲ್ಲು ಹಚ್ಚುವ ಕೂಲಿ. ಒಂಬತ್ತು ದಿನದ ಹಿಂದೆ ಇದೇ ಬಾಗಿಲಲ್ಲಿ ಅವಳನ್ನು ಹೊತ್ತು ತಂದಿದ್ದರು. ಐದು ದಿನದ ಹಿಂದೆ ಇದೇ ಬಾಗಿಲಿಂದ ತಾನಾಗಿ ನಡೆದು ಹೋಗಿದ್ದಳು. ಈಗ ತೋಳು, ಹೊಟ್ಟೆ, ತೊಡೆಗಳ ಮೇಲೆ ಕೆಂಪಗೆ ಉಬ್ಬಿದ ದದ್ದು. ಜ್ವರ 101 ಡಿಗ್ರಿ. ಮೊಣಕಾಲು ಮಡಚಲು ಬರುತ್ತಿಲ್ಲ, ಮಣಿಕಟ್ಟು ಮುಟ್ಟಿದರೆ ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ. ಕೈಯಲ್ಲಿ ಹೊಸದಾಗಿ ಕಟ್ಟಿದ ಅರಿಶಿನದ ದಾರ.

ನಮ್ಮ ಕಿರಿಯ ವೈದ್ಯ ನನಗಿಂತ ಮೊದಲೇ ಅವಳನ್ನು ನೋಡಿದ್ದ. ಹಳೆಯ ಚೀಟಿಯಲ್ಲಿ "ಹಾವು ಕಡಿತ" ಎಂದು ಓದಿದವನೇ ಹಾವಿನ ವಿಷಕ್ಕೆ ಕೊಡುವ ಔಷಧದ ಬಾಟಲಿಗಳನ್ನು ತೆಗೆದಿಡಲು ನರ್ಸ್‌ಗೆ ಹೇಳಿಯಾಗಿತ್ತು. ಅತ್ತೆಯ ಅನುಮಾನವೂ ಅವನ ಅನುಮಾನವೂ ಒಂದೇ ಆಗಿತ್ತು. ಇಬ್ಬರದೂ ತೀರಾ ಬುಡವಿಲ್ಲದ ಮಾತಲ್ಲ, ಆದರೆ ಆ ಬಾಟಲಿಗಳನ್ನು ಏರಿಸಿದ್ದರೆ ಉರಿಯುವ ಒಲೆಗೆ ಎಣ್ಣೆ ಸುರಿದಂತಾಗುತ್ತಿತ್ತು. ಯಾಕೆಂದು ಹೇಳಲು ಮೊದಲ ದಿನಕ್ಕೆ ಹೋಗಬೇಕು.

ಮೊದಲ ದಿನ

ನಾಗರ ಅಮಾವಾಸ್ಯೆಗೆ ಎರಡು ದಿನವಿತ್ತು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದರು, ಗಂಗಾವತಿ-ಕಾರಟಗಿ ಸೀಮೆಯಲ್ಲಿ ನಾಟಿಯ ಗಡಿಬಿಡಿ. ಆ ದಿನಗಳಲ್ಲಿ ಸೂರ್ಯ ಹುಟ್ಟುವ ಮೊದಲೇ ಟಂಟಂ ಗಾಡಿಗಳಲ್ಲಿ ಹೆಣ್ಣಾಳುಗಳು ಊರಿಂದೂರಿಗೆ ಹೋಗುತ್ತಾರೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಸಸಿಯ ಕಟ್ಟು ತರಲೆಂದು ಇವಳು ಬದುವಿನ ಮೇಲೆ ಕಾಲಿಟ್ಟಳು. ಬಲಪಾದದ ಪಕ್ಕಕ್ಕೆ ಕಡಿಯಿತು. ಜೊತೆಯವನೊಬ್ಬ ಮೊಬೈಲಿನಲ್ಲಿ ಹಾವಿನ ಚಿತ್ರ ತೆಗೆದಿದ್ದ. ಬೆನ್ನುದ್ದಕ್ಕೂ ಸರಪಳಿ ಜೋಡಿಸಿದಂಥ ಕಂದು ಮಚ್ಚೆಗಳು. ಕೊಳಕುಮಂಡಲ.

ಮೊದಲು ಹೋದದ್ದು ನಾಟಿ ವೈದ್ಯರ ಬಳಿಗೆ. ಬೇವಿನ ಸೊಪ್ಪು ಅಗಿಸಿದರಂತೆ. ಕಹಿ ಹತ್ತಿತು, ಹಾಗಾಗಿ "ವಿಷ ಏರಿಲ್ಲ" ಎಂದಾಯಿತು. ಬೇವು ಕಹಿಯಾಗಿ ಹತ್ತುವುದಕ್ಕೂ ರಕ್ತದಲ್ಲಿ ನಡೆಯುವುದಕ್ಕೂ ಏನೂ ಸಂಬಂಧವಿಲ್ಲ. ಮಂಡಲದ ವಿಷ ನಾಲಿಗೆಯ ರುಚಿ ಕೆಡಿಸುವುದಿಲ್ಲ, ರಕ್ತ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತದೆ. ಮುಕ್ಕಾಲು ಗಂಟೆ ಹೀಗೆ ಹೋಯಿತು. ಪಾದ ಊದುತ್ತಾ ಮೀನಖಂಡದವರೆಗೆ ಬಂದು, ಉಗುಳಿದಾಗ ಎಂಜಲಿನಲ್ಲಿ ರಕ್ತ ಕಂಡ ಮೇಲೆಯೇ ಗಂಡ ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೊರಟಿದ್ದು. ನಮ್ಮಲ್ಲಿ ತಲುಪಿದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಮೊಣಕಾಲಿನ ಕೆಳಗೆ ಟವೆಲ್ಲನ್ನು ಹಗ್ಗದಂತೆ ಹೊಸೆದು ಬಿಗಿದಿದ್ದರು.

ಎರಡು ಮಿಲಿಲೀಟರ್ ರಕ್ತವನ್ನು ಹೊಸ, ಒಣಗಿದ ಗಾಜಿನ ನಳಿಕೆಗೆ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟೆವು. ಇದಕ್ಕಿಂತ ಸರಳವಾದ ಪರೀಕ್ಷೆ ಇಡೀ ಆಸ್ಪತ್ರೆಯಲ್ಲಿ ಇಲ್ಲ. ಆದರೆ ನಳಿಕೆ ಗಾಜಿನದೇ ಆಗಬೇಕು, ಸೋಪಿನ ನೀರಿನಲ್ಲಿ ತೊಳೆದದ್ದಾಗಬಾರದು. ಹೆಪ್ಪುಗಟ್ಟುವ ಕೆಲಸ ಶುರುವಾಗುವುದು ಗಾಜಿನ ಮೇಲ್ಮೈಗೆ ರಕ್ತ ತಾಗಿದಾಗ. ಪ್ಲಾಸ್ಟಿಕ್ ನಳಿಕೆಯಲ್ಲಿ ಆರೋಗ್ಯವಂತರ ರಕ್ತವೂ ಮೋಸ ಮಾಡಬಹುದು. ಇಪ್ಪತ್ತು ನಿಮಿಷದ ನಂತರ ವಾಲಿಸಿದರೆ ರಕ್ತ ನೀರಿನಂತೆ ಹರಿಯಿತು.

ಮಂಡಲದ ವಿಷ ಮಾಡುವ ಕೆಲಸ ವಿಚಿತ್ರ. ಅದು ಹೆಪ್ಪುಗಟ್ಟುವುದನ್ನು ತಡೆಯುವುದಿಲ್ಲ, ಅತಿಯಾಗಿ ಮಾಡಿಸಿ ಮುಗಿಸಿಬಿಡುತ್ತದೆ. ಹೆಪ್ಪಿನ ಸರಣಿಯ ಐದನೆಯ ಮತ್ತು ಹತ್ತನೆಯ ಅಂಶಗಳನ್ನು ಕಾರಣವಿಲ್ಲದೆ ಎಬ್ಬಿಸುತ್ತದೆ. ರಕ್ತನಾಳಗಳೊಳಗೆ ಅಲ್ಲಲ್ಲಿ ಪುಟ್ಟ ಹೆಪ್ಪುಗಳು ಆಗಿ, ಕರಗಿ, ಕೊನೆಗೆ ಫೈಬ್ರಿನೋಜೆನ್ ಎಂಬ ಕಚ್ಚಾ ಸಾಮಾನೇ ತೀರಿಹೋಗುತ್ತದೆ. ಆಮೇಲೆ ಒಸಡಿನ ಸಣ್ಣ ಗಾಯಕ್ಕೂ ಮುಚ್ಚಲು ಏನೂ ಉಳಿದಿರುವುದಿಲ್ಲ.

ಅದೇ ಹೊತ್ತಿನ ರಕ್ತಕಣದ ಎಣಿಕೆಯಲ್ಲಿ ಬಿಳಿ ಕಣಗಳು 16,800. ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 4,000ದಿಂದ 11,000. ಅದರಲ್ಲಿ ಎಲ್ಲಕ್ಕಿಂತ ಮೊದಲು ಓಡಿಬರುವ ಬಿಳಿ ಕಣಗಳಾದ ನ್ಯೂಟ್ರೋಫಿಲ್‌ಗಳೇ ಶೇ 86. ಈ ಅಂಕಿ ಕಂಡ ಕೂಡಲೇ "ಸೋಂಕು" ಎಂದು ಬರೆದು ಆಂಟಿಬಯಾಟಿಕ್ ಏರಿಸುವ ಚಾಳಿ ನಮ್ಮ ಕಡೆ ಬಹಳ. ಎರಡು ಗಂಟೆಯಲ್ಲಿ ಯಾವ ಸೋಂಕೂ ಹೀಗೆ ಬೆಳೆಯುವುದಿಲ್ಲ. ನ್ಯೂಟ್ರೋಫಿಲ್‌ಗಳಲ್ಲಿ ದೊಡ್ಡ ಪಾಲು ಯಾವಾಗಲೂ ರಕ್ತನಾಳದ ಗೋಡೆಗೆ ಅಂಟಿಕೊಂಡು ಕುಳಿತಿರುತ್ತದೆ. ಹೆದರಿಕೆ, ನೋವುಗಳಿಂದ ಅಡ್ರಿನಲಿನ್ ಉಕ್ಕಿದೊಡನೆ ಅವು ಗೋಡೆ ಬಿಟ್ಟು ಹರಿವಿಗೆ ಇಳಿಯುತ್ತವೆ, ಎಣಿಕೆಯಲ್ಲಿ ಸಿಗುತ್ತವೆ. ಅಸ್ಥಿಮಜ್ಜೆಯೂ ತನ್ನ ದಾಸ್ತಾನಿನಿಂದ ಒಂದಿಷ್ಟು ಕಳಿಸುತ್ತದೆ. ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ಹುಟ್ಟಿಸುವ ಕಾರ್ಖಾನೆ ಅದು. ಅವುಗಳ ಆಯುಸ್ಸು ಕಡಿಮೆ, ಆದ್ದರಿಂದ ಉತ್ಪಾದನೆ ನಿಲ್ಲುವಂತಿಲ್ಲ.

ಹಾಗಾದರೆ ಇಷ್ಟು ದೊಡ್ಡ ಪಡೆ ವಿಷಕ್ಕೆ ಏನೂ ಮಾಡುವುದಿಲ್ಲವೇ? ಸ್ವಲ್ಪ ಮಾಡುತ್ತದೆ. ಚರ್ಮದಡಿಯಲ್ಲಿ ಕಾದು ಕುಳಿತ ಮಾಸ್ಟ್ ಕೋಶಗಳ ಚೀಲದೊಳಗೆ ಹಿಸ್ಟಮಿನ್ ಮಾತ್ರವಲ್ಲ, ಪ್ರೋಟೀನನ್ನು ಕತ್ತರಿಸುವ ಕಿಣ್ವಗಳೂ ಇವೆ. ಅವು ಹಾವಿನ ವಿಷದ ಕೆಲವು ಅಂಶಗಳನ್ನು ತುಂಡರಿಸುತ್ತವೆ ಎಂದು 2006ರಲ್ಲಿ ಇಲಿಗಳ ಮೇಲಿನ ಪ್ರಯೋಗ ತೋರಿಸಿತು. ಪಾದದ ಊತದಲ್ಲಿ ಒಂದಷ್ಟು ಪಾಲು ವಿಷದ್ದಾದರೆ ಇನ್ನೊಂದಷ್ಟು ಈ ಕಾವಲಿನ ಗದ್ದಲದ್ದು. ಆದರೆ ಮಂಡಲ ಒಮ್ಮೆ ಕಡಿದು ಇಳಿಸುವ ವಿಷ ಸರಾಸರಿ 63 ಮಿಲಿಗ್ರಾಂ. ವಿಷವನ್ನೇ ಗುರಿಯಿಟ್ಟು ಹಿಡಿಯುವ ಪ್ರತಿಕಾಯ, ಎಂದರೆ ಆ್ಯಂಟಿಬಾಡಿ, ಹೊಸದಾಗಿ ತಯಾರಾಗಲು ದೇಹಕ್ಕೆ ವಾರ ಬೇಕು. ವಿಷಕ್ಕೆ ಬೇಕಾದದ್ದು ಗಂಟೆಗಳು. ಈ ಪಂದ್ಯದಲ್ಲಿ ದೇಹ ಸೋಲುವುದು ಶಕ್ತಿ ಸಾಲದೆ ಅಲ್ಲ, ವೇಳೆ ಸಾಲದೆ.

ಅದಕ್ಕೇ ಪ್ರತಿಕಾಯವನ್ನು ಎರವಲು ತರುವುದು, ಕುದುರೆಯಿಂದ.

ಎರವಲು

ಒಂದು ಪ್ರಾಣಿಯ ರಕ್ಷಣೆಯನ್ನು ಇನ್ನೊಂದಕ್ಕೆ ದಾಟಿಸಬಹುದು ಎಂದು ಬೆರಿಂಗ್ ಮತ್ತು ಕಿತಾಸಾತೊ ಬರ್ಲಿನ್‌ನಲ್ಲಿ ತೋರಿಸಿದ್ದು 1890ರಲ್ಲಿ. ಆಗ ಅವರ ಕಣ್ಣಿದ್ದದ್ದು ಗಂಟಲುಮಾರಿ ಮತ್ತು ಧನುರ್ವಾಯುಗಳ ಮೇಲೆ. ವೈದ್ಯಕೀಯದ ಮೊಟ್ಟಮೊದಲ ನೊಬೆಲ್, 1901ರದ್ದು, ಬೆರಿಂಗ್‌ಗೆ ಬಂತು. ಹಾವಿನ ವಿಷಕ್ಕೂ ಅದೇ ದಾರಿ ಎಂದು ಫ್ರಾನ್ಸಿನ ಕಾಲ್ಮೆಟ್ ಮೊದಲಾದವರು ಅದೇ ದಶಕದಲ್ಲಿ ಕಂಡುಕೊಂಡರು. ಇವತ್ತಿಗೂ ದಾರಿ ಅದೇ. ತಮಿಳುನಾಡಿನ ಇರುಳರ ಸಹಕಾರ ಸಂಘ 1978ರಿಂದ ಹಾವು ಹಿಡಿದು, ವಿಷ ಹಿಂಡಿ, ಹಾವನ್ನು ಮರಳಿ ಬಿಡುತ್ತದೆ. ದೇಶದ ಔಷಧಕ್ಕೆ ಬೇಕಾದ ವಿಷದ ಬಹುಪಾಲು ಅಲ್ಲಿಂದಲೇ. ಆ ವಿಷವನ್ನು ಕುದುರೆಗೆ ಚೂರುಚೂರೇ ಚುಚ್ಚುತ್ತಾ ಹೋದರೆ ತಿಂಗಳುಗಳಲ್ಲಿ ಅದರ ರಕ್ತದ ತುಂಬ ಪ್ರತಿಕಾಯ. ರಕ್ತದ ದ್ರವಭಾಗ ತೆಗೆದು, ಪೆಪ್ಸಿನ್ ಕಿಣ್ವದಿಂದ ಪ್ರತಿಕಾಯದ ಬಾಲ ಕತ್ತರಿಸಿ, ಹಿಡಿಯುವ ಕೈಗಳನ್ನು ಮಾತ್ರ ಉಳಿಸಿ ಪುಡಿ ಮಾಡುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಬಾಟಲಿ.

ಒಂದು ಮಿಲಿಲೀಟರ್ ಔಷಧ ಮಂಡಲದ 0.6 ಮಿಲಿಗ್ರಾಂ ವಿಷವನ್ನು ಹಿಡಿಯುತ್ತದೆ. ಬಾಟಲಿಗೆ ಹತ್ತು ಮಿಲಿಲೀಟರ್. ಹತ್ತು ಬಾಟಲಿ ಎಂದರೆ 60 ಮಿಲಿಗ್ರಾಂ. ಮೊದಲ ಸಲಕ್ಕೆ ಹತ್ತು ಬಾಟಲಿ ಎಂಬ ಲೆಕ್ಕ ಹುಟ್ಟಿದ್ದು ಹೀಗೆ. ಕಡಿಸಿಕೊಂಡವರು ಮಗುವಾದರೂ ಅಷ್ಟೇ ಬಾಟಲಿ, ಯಾಕೆಂದರೆ ಹಾವು ಮಗು ಎಂದು ಕಡಿಮೆ ವಿಷ ಬಿಡುವುದಿಲ್ಲ.

ಇವಳಿಗೆ ಹನಿ ಶುರುವಾಗಿ ಹದಿನೆಂಟು ನಿಮಿಷಕ್ಕೆ ಕುತ್ತಿಗೆ ತುರಿಸತೊಡಗಿತು, ವಾಂತಿಯಾಯಿತು, ನಾಡಿ ಓಡಿತು. ಹನಿ ನಿಲ್ಲಿಸಿ, ತೊಡೆಗೆ ಅಡ್ರಿನಲಿನ್ ಕೊಟ್ಟು, ಸುಧಾರಿಸಿದ ಮೇಲೆ ನಿಧಾನವಾಗಿ ಮತ್ತೆ ಶುರು ಮಾಡಿದೆವು. ಇದು ಆ ದಿನದ ಎರಡನೆಯ ಜಗಳ. ಕುದುರೆಯ ಪ್ರೋಟೀನನ್ನು ಅವಳ ದೇಹ ಇನ್ನೂ ಓದಿ ತಿಳಿದಿರಲಿಲ್ಲ, ಹೆಸರಿಟ್ಟು ದ್ವೇಷಿಸಲು ನೆನಪೇ ಇರಲಿಲ್ಲ. ಅಪರಿಚಿತ ಪ್ರೋಟೀನು ಒಮ್ಮೆಗೇ ನುಗ್ಗಿದಾಗ ಬಾಗಿಲಲ್ಲಿ ನಿಂತ ಕಾಂಪ್ಲಿಮೆಂಟ್ ಎಂಬ ರಕ್ತದ ಕಾವಲು ಪ್ರೋಟೀನುಗಳೂ ಮಾಸ್ಟ್ ಕೋಶಗಳೂ ಯಾರನ್ನೂ ಕೇಳದೆ ಕೂಗಾಡಿದವು, ಅಷ್ಟೆ. ಚರ್ಮಕ್ಕೆ ತುಸು ಔಷಧ ಚುಚ್ಚಿ "ಪರೀಕ್ಷೆ" ಮಾಡಿದ್ದರೆ ಇದು ಮೊದಲೇ ತಿಳಿಯುತ್ತಿತ್ತಲ್ಲ ಎಂದು ಕೇಳುವವರಿದ್ದಾರೆ. ಆ ಪರೀಕ್ಷೆಗೆ ಈ ಗದ್ದಲವನ್ನು ಮುನ್ಸೂಚಿಸುವ ಶಕ್ತಿ ಇಲ್ಲ. ಅರ್ಧ ಗಂಟೆ ನುಂಗುತ್ತದೆ, ಆಗಾಗ ಅದೇ ಒಂದು ಗದ್ದಲ ಎಬ್ಬಿಸುತ್ತದೆ. ಅದನ್ನು ಕೈಬಿಟ್ಟು ಬಹಳ ಕಾಲವಾಯಿತು.

ಆರು ಗಂಟೆಯ ನಂತರದ ನಳಿಕೆಯೂ ಹರಿಯಿತು. ಆರು ಗಂಟೆ ಏಕೆಂದರೆ, ವಿಷ ಶಮನವಾದ ಮೇಲೆ ಪಿತ್ತಜನಕಾಂಗ ಹೆಪ್ಪಿನ ಅಂಶಗಳನ್ನು ಮತ್ತೆ ತಯಾರಿಸಲು ಸುಮಾರು ಅಷ್ಟು ಹೊತ್ತು ಬೇಕು. ಅದಕ್ಕೂ ಮೊದಲು ನೋಡಿ ಗಾಬರಿಪಡುವುದರಲ್ಲಿ ಅರ್ಥವಿಲ್ಲ. ಇನ್ನೂ ಹತ್ತು ಬಾಟಲಿ ಕೊಟ್ಟೆವು. ರಾತ್ರಿ ಹನ್ನೆರಡೂವರೆಯ ನಳಿಕೆಯಲ್ಲಿ ರಕ್ತ ಮೊಸರಿನಂತೆ ಕೂತಿತ್ತು. ಮರುದಿನ ಧನುರ್ವಾಯುವಿನ ಚುಚ್ಚುಮದ್ದು ಹಾಕಿದೆವು. ಒಂದೇ ದೇಹಕ್ಕೆ ಎರಡು ತರಹದ ರಕ್ಷಣೆ. ಕುದುರೆಯದ್ದು ಕೊಟ್ಟ ಕೂಡಲೇ ಕೆಲಸ ಮಾಡಿ ಕೆಲವೇ ವಾರಗಳಲ್ಲಿ ಅಳಿಯುವ ಎರವಲು. ಚುಚ್ಚುಮದ್ದಿನದು ನಿಧಾನಕ್ಕೆ ಕಲಿತು ವರ್ಷಗಟ್ಟಲೆ ಉಳಿಯುವ ಸ್ವಂತದ್ದು.

ಮೂತ್ರ ಸರಿಯಾಗಿ ಬರುತ್ತಿತ್ತು, ಮೂತ್ರಪಿಂಡ ಸೋತರೆ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರಲಿಲ್ಲ. ಮಂಡಲ ಕಡಿದವರಲ್ಲಿ ಮೂತ್ರಪಿಂಡ ಉಳಿದರೆ ಅರ್ಧ ಗೆದ್ದಂತೆ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು. ಆ ನಮೂನೆ ತುಂಬಿದೆವು. ಐದನೆಯ ದಿನ ಮನೆಗೆ ಕಳಿಸಿದೆವು. ಚೀಟಿಯಲ್ಲಿ ಗಾಯ ಒರೆಸುವುದು, ಮಾತ್ರೆ, ಹದಿನೈದು ದಿನ ಬಿಟ್ಟು ಬರುವುದು ಎಲ್ಲ ಬರೆದಿತ್ತು. ಬರೆದವನು ನಾನೇ. ಬರೆಯದೆ ಬಿಟ್ಟದ್ದು ಒಂದು ವಾಕ್ಯ.

ನಡುವೆ ನಡೆದದ್ದು

ಅವಳು ಮನೆಯಲ್ಲಿ ಮಲಗಿದ್ದಾಗ ಅವಳ ದುಗ್ಧಗ್ರಂಥಿಗಳು, ಎಂದರೆ ರಕ್ಷಣೆಯ ಕೋಶಗಳು ಸೇರುವ ಲಿಂಫ್ ಗ್ರಂಥಿಗಳು, ಮಲಗಿರಲಿಲ್ಲ.

ಇಪ್ಪತ್ತು ಬಾಟಲಿ ಕುದುರೆ ಪ್ರೋಟೀನು ರಕ್ತದಲ್ಲಿ ತೇಲುತ್ತಿತ್ತು. ವಿಷವನ್ನು ಹಿಡಿದದ್ದು ಸ್ವಲ್ಪ, ಹಿಡಿಯಲು ಏನೂ ಸಿಗದೆ ಉಳಿದದ್ದು ಬಹಳ. ಡೆಂಡ್ರೈಟಿಕ್ ಕೋಶಗಳು ಅದರ ತುಣುಕುಗಳನ್ನು ನುಂಗಿ, ತೊಡೆಸಂದು, ಕಂಕುಳು, ಗುಲ್ಮಗಳಿಗೆ ಹೊತ್ತೊಯ್ದು ಟಿ ಕೋಶಗಳೆಂಬ ಬಿಳಿ ಕಣಗಳ ಮುಂದೆ ಹಿಡಿದವು. ಪ್ರತಿಯೊಂದು ಟಿ ಕೋಶವೂ ಪ್ರತಿಕಾಯ ತಯಾರಿಗೆ ತೊಡಗುವ ಪ್ರತಿಯೊಂದು ಬಿ ಕೋಶವೂ ಹುಟ್ಟುವಾಗಲೇ ಒಂದೊಂದು ಆಕಾರವನ್ನು ಮಾತ್ರ ಗುರುತಿಸುವಂತೆ ತಯಾರಾಗಿರುತ್ತದೆ. ಯಾವುದಕ್ಕೆ ಯಾವಾಗ ಕೆಲಸ ಬರುತ್ತದೆಂದು ಗೊತ್ತಿರುವುದಿಲ್ಲ, ಎಷ್ಟೋ ಕೋಶಗಳು ಕಾದೇ ಸಾಯುತ್ತವೆ. ಕುದುರೆಯ ಪ್ರೋಟೀನಿಗೆ ಹೊಂದುವ ಬೆರಳೆಣಿಕೆಯ ಕೋಶಗಳಿಗೆ ಆ ವಾರ ಕೆಲಸ ಬಂತು. ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಾ ಹೋದವು. ಕೊನೆಗೆ ಅವುಗಳಲ್ಲಿ ಕೆಲವು ಪ್ಲಾಸ್ಮಾ ಕೋಶಗಳಾದವು. ಒಂದೊಂದು ಪ್ಲಾಸ್ಮಾ ಕೋಶ ಸೆಕೆಂಡಿಗೆ ಸಾವಿರಾರು ಪ್ರತಿಕಾಯಗಳನ್ನು ಉಗುಳುತ್ತದೆ. ಈ ಇಡೀ ಏರ್ಪಾಟಿಗೆ ಬೇಕಾದದ್ದು ಏಳರಿಂದ ಹತ್ತು ದಿನ. ಮಂಡಲದ ವಿಷಕ್ಕೆ ಎದುರಾಗಿ ಸಿಗದೆ ಹೋದದ್ದೂ ಇಷ್ಟೇ ಕಾಲ.

ಹೊಸ ಪ್ರತಿಕಾಯಗಳು ರಕ್ತಕ್ಕೆ ಇಳಿದಾಗ ಕುದುರೆಯ ಪ್ರೋಟೀನು ಇನ್ನೂ ಅಲ್ಲಿಯೇ ಇತ್ತು. ಎರಡೂ ಸೇರಿ ಗಂಟುಗಳಾದವು. ಇಂಥ ಗಂಟು ನಮ್ಮ ರಕ್ತದಲ್ಲಿ ದಿನನಿತ್ಯ ಆಗುತ್ತಲೇ ಇರುತ್ತದೆ. ಅದನ್ನು ಸಾಗಿಸುವ ಕೂಲಿ ಯಾರದು ಗೊತ್ತೇ? ಕೆಂಪು ರಕ್ತಕಣದ್ದು. ಆಮ್ಲಜನಕ ಹೊರುವುದಷ್ಟೇ ಅದರ ಕೆಲಸ ಎಂದು ಶಾಲೆಯಲ್ಲಿ ಕಲಿತು ಸುಮ್ಮನಾಗಿಬಿಡುತ್ತೇವೆ. ಕೆಂಪು ಕಣದ ಮೈಮೇಲೆ ಗಂಟನ್ನು ಸಿಕ್ಕಿಸಿಕೊಳ್ಳುವ ಕೊಕ್ಕೆಗಳಿವೆ. ಹಾಗೆ ಹೊತ್ತು ಅದು ಪಿತ್ತಜನಕಾಂಗಕ್ಕೂ ಗುಲ್ಮಕ್ಕೂ ಹೋಗುತ್ತದೆ. ಅಲ್ಲಿನ ಮ್ಯಾಕ್ರೋಫೇಜ್‌ಗಳು ಗಂಟನ್ನು ಮಾತ್ರ ಕಿತ್ತುಕೊಂಡು ನುಂಗಿ, ಕಣವನ್ನು ಬರಿ ಮೈಯಲ್ಲಿ ಮರಳಿ ಹರಿವಿಗೆ ಬಿಡುತ್ತವೆ. ಒಂದು ಬಿಳಿ ಕಣಕ್ಕೆ ಆರೇಳುನೂರು ಕೆಂಪು ಕಣಗಳಿರುವ ರಕ್ತದಲ್ಲಿ ಈ ಸಾಗಣೆ ಸಣ್ಣ ಬಲವಲ್ಲ.

ಇಪ್ಪತ್ತು ಬಾಟಲಿಯ ಹೊರೆಗೆ ಆ ಸಾಗಣೆ ಸಾಲಲಿಲ್ಲ. ಉಳಿದ ಗಂಟುಗಳು ಸಣ್ಣ ರಕ್ತನಾಳಗಳ ಗೋಡೆಯಲ್ಲಿ ತಂಗಿದವು. ಚರ್ಮ, ಕೀಲುಗಳ ಒಳಪದರ, ಮೂತ್ರಪಿಂಡದ ಜಾಲರಿ, ಇವೇ ಹೆಚ್ಚಾಗಿ. ತಂಗಿದಲ್ಲಿ ಕಾಂಪ್ಲಿಮೆಂಟ್ ಎಚ್ಚೆತ್ತು ನ್ಯೂಟ್ರೋಫಿಲ್‌ಗಳನ್ನು ಕರೆಯಿತು. ನುಂಗಲು ಬಂದ ನ್ಯೂಟ್ರೋಫಿಲ್‌ಗೆ ಗೋಡೆಗೆ ಅಂಟಿದ ಗಂಟನ್ನು ನುಂಗಲಾಗುವುದಿಲ್ಲ. ಸಿಟ್ಟಿಗೆದ್ದು ತನ್ನ ಕಿಣ್ವಗಳನ್ನು ಅಲ್ಲೇ ಚೆಲ್ಲುತ್ತದೆ, ಗೋಡೆಯೇ ಸುಡುತ್ತದೆ. ("ಸಿಟ್ಟಿಗೆದ್ದು" ಎಂಬುದು ನನ್ನ ಮಾತು. ಕೋಶಕ್ಕೆ ಸಿಟ್ಟಿಲ್ಲ.) ದದ್ದು, ಜ್ವರ, ಮೊಣಕಾಲು ನೋವು ಎಲ್ಲವೂ ಇದೇ.

ಇದಕ್ಕೆ ಸೀರಂ ಕಾಯಿಲೆ ಎಂದು ಹೆಸರು. ಸೀರಂ ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ. 1905ರಲ್ಲಿ ವಿಯೆನ್ನಾದ ಇಬ್ಬರು ಮಕ್ಕಳ ವೈದ್ಯರು, ಪಿರ್ಕೆ ಮತ್ತು ಶಿಕ್, ಕುದುರೆ ಸೀರಂ ಪಡೆದ ಮಕ್ಕಳನ್ನು ಗಮನಿಸುತ್ತಾ ಇದನ್ನು ಬರೆದಿಟ್ಟರು. ಅವರು ಎಲ್ಲಕ್ಕಿಂತ ಹೆಚ್ಚು ಗಮನಿಸಿದ್ದು ದಿನಗಳನ್ನು. ಮೊದಲ ಸಲ ಸೀರಂ ಪಡೆದ ಮಗುವಿಗೆ ಎಂಟರಿಂದ ಹನ್ನೆರಡನೆಯ ದಿನದ ಹೊತ್ತಿಗೆ ಕಾಯಿಲೆ, ಎರಡನೆಯ ಸಲ ಪಡೆದ ಮಗುವಿಗೆ ಅದಕ್ಕಿಂತ ಬೇಗ. ಸೀರಂ ವಿಷವಾಗಿದ್ದರೆ ಮೊದಲ ದಿನವೇ ಕಾಯಿಲೆ ಬರಬೇಕಿತ್ತು. ಕಾಯುವ ದಿನಗಳಿವೆ ಎಂದರೆ ದೇಹ ಏನನ್ನೋ ತಯಾರಿಸುತ್ತಿದೆ, ಆ ತಯಾರಿಯೇ ಕಾಯಿಲೆ ತರುತ್ತಿದೆ ಎಂದು ಅವರು ಊಹಿಸಿದರು. ಕಾಪಾಡುವ ವ್ಯವಸ್ಥೆಯೇ ರೋಗ ತರಬಲ್ಲದು ಎಂಬುದು ಆ ಕಾಲಕ್ಕೆ ಅರಗದ ಮಾತು. ಇದಕ್ಕೆ ಒಂದು ಪದ ಬೇಕೆಂದು ಮರುವರ್ಷ ಪಿರ್ಕೆ ಹೊಸೆದದ್ದು "ಅಲರ್ಜಿ". ಇವತ್ತು ಬದನೆಕಾಯಿ ತಿಂದು ಬಾಯಿ ತುರಿಸಿದವರೂ ಆ ಪದ ಹೇಳುತ್ತಾರೆ.

ಮನೆಯಲ್ಲಿ

ಎಂಟನೆಯ ದಿನ ಪಂಚಮಿ. ಈ ಸೀಮೆಯ ಹೆಣ್ಣುಮಕ್ಕಳಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ತವರಿಂದ ಅಣ್ಣ ಕರೆಯಲು ಬಂದಿದ್ದ. ಕಾಲಿನ ಊತ ಇಳಿದಿರಲಿಲ್ಲವಾದ್ದರಿಂದ ಕಳಿಸಿರಲಿಲ್ಲ. ಆದರೂ ಹುತ್ತಕ್ಕೆ ಹಾಲೆರೆಯಲು ಅತ್ತೆ ಅವಳನ್ನು ಕರೆದೊಯ್ದರು. ಕಡಿದ ನಾಗಪ್ಪನಿಗೆ ಕೈಮುಗಿಯಬೇಡವೇ? ಮನೆಗೆ ಬಂದು ಉಂಡಿ ಮುರಿದು ಬಾಯಿಗಿಡುವ ಹೊತ್ತಿಗೆ ಹೊಟ್ಟೆಯ ಮೇಲೆ ಮೊದಲ ದದ್ದು ಎದ್ದಿತು. ಸಂಜೆಗೆ ಮೈಯೆಲ್ಲ.

ಆ ಮನೆಯಲ್ಲಿ ಕುಳಿತು ಯೋಚಿಸಿ ನೋಡಿ. ಹಾವು ಕಡಿದ ವಾರಕ್ಕೆ, ಅದೂ ಪಂಚಮಿಯ ದಿನ, ಹುತ್ತದಿಂದ ಬಂದ ಬೆನ್ನಿಗೇ ಮೈಮೇಲೆ ಕೆಂಪು. ಹಾವಿನ ಹೆಸರಲ್ಲೇ "ಕೊಳಕು" ಇದೆ. ಅದು ಕಡಿದರೆ ಮೈ ಕೊಳೆಯುತ್ತದೆ ಎಂದು ಚಿಕ್ಕಂದಿನಿಂದ ಕೇಳಿದ್ದಾರೆ. ವಿಷ ಒಳಗೆ ಉಳಿದಿದೆ, ಇಲ್ಲವೇ ಹಾಲು ಎರೆದದ್ದರಲ್ಲಿ ಏನೋ ಮೈಲಿಗೆಯಾಗಿದೆ ಎಂದು ಅವರು ತೀರ್ಮಾನಿಸಿದ್ದರಲ್ಲಿ ತಪ್ಪು ಹುಡುಕಲು ನನಗೆ ಬಾಯಿಲ್ಲ. ಬೇರೆ ತೀರ್ಮಾನಕ್ಕೆ ಬರಲು ಬೇಕಾದ ಒಂದೇ ಒಂದು ಸುದ್ದಿ ನನ್ನ ಬಳಿ ಇತ್ತು, ನಾನು ಕೊಟ್ಟಿರಲಿಲ್ಲ.

ಎರಡು ದಿನ ಉಪ್ಪು-ಬೇಳೆ ಬಿಡಿಸಿ ಪಥ್ಯ ಮಾಡಿಸಿದರು, ದಾರ ಕಟ್ಟಿಸಿದರು. ಊರಿನಲ್ಲಿ ಯಾರೋ ಗ್ಲುಕೋಸ್ ಏರಿಸಿ ಒಂದು ಇಂಜೆಕ್ಷನ್ ಕೊಟ್ಟರು, ಏನೆಂದು ಚೀಟಿ ಇಲ್ಲ.

ಮತ್ತೆ ನಳಿಕೆ

ಬಾಟಲಿಗಳನ್ನು ತೆಗೆಯಬೇಡಿ ಎಂದೆ, ನಳಿಕೆ ತನ್ನಿ ಎಂದೆ.

ಕಿರಿಯ ವೈದ್ಯನ ಅನುಮಾನಕ್ಕೆ ಆಧಾರವಿತ್ತು. ಕಡಿದ ಜಾಗದಲ್ಲಿ ಅಡಗಿದ ವಿಷ ತಡವಾಗಿ ರಕ್ತಕ್ಕೆ ಸೇರಿ ಹೆಪ್ಪುಗಟ್ಟುವುದು ಮತ್ತೆ ಕೆಡುವುದುಂಟು. ಆದರೆ ಹಾಗಾಗಿದ್ದರೆ ರಕ್ತವೇ ಹೇಳಬೇಕು, ಚರ್ಮವಲ್ಲ. ಇಪ್ಪತ್ತು ನಿಮಿಷ ಮೂವರೂ ಆ ಗಾಜಿನ ನಳಿಕೆಯನ್ನು ನೋಡುತ್ತಾ ಕುಳಿತೆವು. ಅತ್ತೆಯೂ ಕುಳಿತಿದ್ದರು, ಮೊದಲ ದಿನದಿಂದ ಅವರಿಗೂ ಅದರ ಪರಿಚಯ. ವಾಲಿಸಿದಾಗ ಹೆಪ್ಪು ಗಟ್ಟಿಯಾಗಿ ನಿಂತಿತು.

"ಕೂತೈತಿ" ಎಂದರು ಅವರೇ.

ಶ್ರಾವಣದಲ್ಲಿ ಜ್ವರ, ದದ್ದು, ಕೀಲುನೋವು ಎಂದರೆ ಡೆಂಗಿ ಮತ್ತು ಚಿಕೂನ್‌ಗುನ್ಯ ನೆನಪಾಗದೆ ಇರದು. ಅದರಲ್ಲೂ ನೀರು ಡ್ರಮ್ಮುಗಳಲ್ಲಿ ತುಂಬಿಡುವ ಊರುಗಳಲ್ಲಿ. ಪ್ಲೇಟ್‌ಲೆಟ್ 2,30,000 ಇತ್ತು, ಬಿಳಿ ಕಣ 9,400. ಡೆಂಗಿಯಲ್ಲಿ ಸಾಮಾನ್ಯವಾಗಿ ಎರಡೂ ಕುಸಿಯುತ್ತವೆ. ಡೆಂಗಿಯ ಎನ್‌ಎಸ್1 ಪರೀಕ್ಷೆ ನೆಗೆಟಿವ್. ದದ್ದೂ ಬೇರೆ ಜಾತಿಯದು. ಬೆಳಿಗ್ಗೆ ತೋಳಿನಲ್ಲಿದ್ದದ್ದು ಮಧ್ಯಾಹ್ನ ಬೆನ್ನಿಗೆ ಹೋಗಿತ್ತು, ತುರಿಕೆ ವಿಪರೀತ. ತೊಡೆಸಂದಿನ ಗ್ರಂಥಿಗಳು ಗೋಲಿಯಂತೆ ಕೈಗೆ ಸಿಗುತ್ತಿದ್ದವು. ಕಾಲಿನ ಗಾಯ ಒಣಗಿತ್ತು, ಕೀವಿರಲಿಲ್ಲ. ಮೂತ್ರದಲ್ಲಿ ಪ್ರೋಟೀನು ಲೇಶ ಮಾತ್ರ. ಇನ್ನು ಉಳಿದದ್ದು ಮಾತ್ರೆಯ ಅಲರ್ಜಿ. ಅದನ್ನು ಪೂರ್ತಿ ತಳ್ಳಿಹಾಕಲು ಆಗದು, ಊರಿನ ಆ ಅನಾಮಧೇಯ ಇಂಜೆಕ್ಷನ್ ಬೇರೆ ಇತ್ತು. ಆದರೆ ದದ್ದು ಇಂಜೆಕ್ಷನ್ನಿಗಿಂತ ಮೊದಲೇ ಎದ್ದಿದೆ. ಕಾಂಪ್ಲಿಮೆಂಟ್ ಅಳೆಯುವ ಸೌಲಭ್ಯ ನಮ್ಮಲ್ಲಿಲ್ಲ. ಇದ್ದಿದ್ದರೆ ಕಡಿಮೆ ಬರುತ್ತಿತ್ತು ಎಂದೇ ನನ್ನ ಎಣಿಕೆ. ಕೊನೆಗೆ ರೋಗ ಗುರುತಿಸಿದ್ದು ಯಂತ್ರದಿಂದಲ್ಲ, ಕ್ಯಾಲೆಂಡರಿನಿಂದ. ಕುದುರೆ ಪ್ರೋಟೀನು ಒಳಹೋಗಿ ಎಂಟನೆಯ ದಿನ.

ತುರಿಕೆಗೆ ಮಾತ್ರೆ ಮತ್ತು ಐದು ದಿನ ಪ್ರೆಡ್ನಿಸೋಲೋನ್. ಸ್ಟೀರಾಯ್ಡ್ ಎಂದರೆ ಬೆಚ್ಚಿಬೀಳುವವರಿದ್ದಾರೆ, ಕೇಳದೆಯೇ ನುಂಗಿಸುವವರೂ ಇದ್ದಾರೆ. ಇಲ್ಲಿ ಅದರ ಕೆಲಸ ಅಳತೆಯದು. ಗದ್ದಲವನ್ನು ಒಂದು ವಾರ ತಗ್ಗಿಸಿಟ್ಟರೆ ಅಷ್ಟರಲ್ಲಿ ಕುದುರೆ ಪ್ರೋಟೀನು ತಾನಾಗಿ ಖಾಲಿಯಾಗುತ್ತದೆ. ಗಂಟು ಕಟ್ಟಲು ಒಂದು ತುದಿಯೇ ಇಲ್ಲದಾಗ ಕಾಯಿಲೆಯೂ ಇಲ್ಲ.

ಇದನ್ನು ಅತ್ತೆಗೆ ಹೇಳಬೇಕಿತ್ತು. "ಹಾವಿನ ವಿಷಕ್ಕ ಕೊಟ್ಟ ಔಷಧ ಕುದುರಿಯಿಂದ ಮಾಡಿದ್ದು" ಎಂದೆ.

"ಕುದುರಿ ರಕ್ತ ಹಾಕೀರೇನ್ರಿ ಇಕಿಗೆ?"

ರಕ್ತವಲ್ಲ, ರಕ್ತದೊಳಗಿನ ಕಾವಲಿನ ಭಾಗ ಮಾತ್ರ ಎಂದೆ. ನಿಮ್ಮ ಸೊಸೆಯ ಮೈ ಅದನ್ನು ಹೊರಗಿನದೆಂದು ಗುರುತಿಸಿ ಜಗಳ ತೆಗೆದಿದೆ, ವಿಷ ಯಾವತ್ತೋ ಮುಗಿದಿದೆ ಎಂದೆ. ಅವರು ಸ್ವಲ್ಪ ಹೊತ್ತು ಸೊಸೆಯ ತೋಳಿನ ದದ್ದು ಸವರುತ್ತಾ ಕುಳಿತರು.

"ನೆಲ್ಲು ಹಚ್ಚಾಕ ಬ್ಯಾರೆ ಊರಿಂದ ಆಳು ತರ್ತೀವಲ್ರಿ, ಅವ್ರನ್ನ ನಮ್ಮೂರ ನಾಯಿ ಅಟ್ಟಿಸ್ಕೊಂಡು ಹೋದಂಗ ಆತು ಬಿಡ್ರಿ. ಕೆಲಸಾನೂ ಅವ್ರ ಮಾಡ್ಯಾರ, ಕಚ್ಚಿಸ್ಕೊಂಡಾರೂ ಅವ್ರ."

ಇದಕ್ಕಿಂತ ಚೆನ್ನಾಗಿ ನಾನು ಯಾವ ತರಗತಿಯಲ್ಲೂ ಕೇಳಿಲ್ಲ. ಒಂದೇ ಒಂದು ಕೊರತೆ: ಊರ ನಾಯಿ ಮೊದಲ ದಿನವೇ ಬೊಗಳುತ್ತದೆ, ಮೈಯೊಳಗಿನ ಈ ನಾಯಿಗಳು ವಾಸನೆ ಕಲಿಯಲು ಎಂಟು ದಿನ ತೆಗೆದುಕೊಂಡವು. ಮತ್ತು ಕಲಿತದ್ದನ್ನು ಮರೆಯುವುದಿಲ್ಲ. ಕುದುರೆ ಪ್ರೋಟೀನನ್ನು ನೆನಪಿಟ್ಟ ಬಿ ಕೋಶಗಳು ಅವಳಲ್ಲಿ ವರ್ಷಗಳವರೆಗೆ ಇರುತ್ತವೆ. ನಾಳೆ ಅವಳಿಗೆ ಮತ್ತೆ ಹಾವು ಕಡಿದರೂ, ನಾಯಿ ಕಡಿದು ಕುದುರೆಯಿಂದ ಮಾಡಿದ ರೇಬೀಸ್ ಸೀರಂ ಕೊಡಬೇಕಾಗಿ ಬಂದರೂ, ಕೊಡುವವರಿಗೆ ಇದು ಗೊತ್ತಿರಬೇಕು. ಹಾಗೆಂದು ಕೊಡದೆ ಇರುವಂತಿಲ್ಲ. ದದ್ದು ಎದ್ದವರು ಬದುಕಿರುತ್ತಾರೆ, ಮಂಡಲದ ವಿಷಕ್ಕೆ ಔಷಧ ಸಿಗದವರ ಮಾತು ಬೇರೆ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿದು ಸತ್ತಿದ್ದಾರೆ ಎಂಬ ಅಂದಾಜಿದೆ. ಅವರಲ್ಲಿ ಹೆಚ್ಚಿನವರು ಸತ್ತದ್ದು ಹಳ್ಳಿಗಳಲ್ಲಿ.

ಈಗ ನಮ್ಮಲ್ಲಿ ಹಾವು ಕಡಿದವರ ಬಿಡುಗಡೆ ಚೀಟಿಯ ಕೆಳಗೆ ಕೈಯಿಂದಲೇ ಎರಡು ಸಾಲು ಬರೆಯುತ್ತೇವೆ. "ಐದರಿಂದ ಹದಿನೈದು ದಿನದೊಳಗೆ ಜ್ವರ, ದದ್ದು, ಕೀಲುನೋವು ಬಂದರೆ ಅದು ವಿಷವಲ್ಲ, ಔಷಧಕ್ಕೆ ದೇಹ ಕೊಡುವ ಉತ್ತರ. ಕೂಡಲೇ ಬನ್ನಿ. ಈ ರೋಗಿಗೆ ಕುದುರೆ ಮೂಲದ ಔಷಧ ಇಷ್ಟು ಬಾಟಲಿ ಕೊಟ್ಟಿದೆ." ಓದಲು ಬರದವರಿಗೆ ಬಾಯಲ್ಲಿ ಹೇಳುತ್ತೇವೆ, ಜೊತೆಗೆ ಬಂದವರಿಂದ ತಿರುಗಿ ಹೇಳಿಸಿಕೊಳ್ಳುತ್ತೇವೆ. ಕಿರಿಯ ವೈದ್ಯ ಈ ಕೆಲಸವನ್ನು ನನಗಿಂತ ಶ್ರದ್ಧೆಯಿಂದ ಮಾಡುತ್ತಾನೆ. ನಾನು ಇನ್ನೂ ಒಮ್ಮೊಮ್ಮೆ ಮರೆಯುತ್ತೇನೆ.

ಮೂರು ದಿನಕ್ಕೆ ಜ್ವರ ನಿಂತಿತು, ವಾರಕ್ಕೆ ಮೊಣಕಾಲು ಮಡಚಿತು. ತಿಂಗಳ ನಂತರ ಮೂತ್ರ ಪರೀಕ್ಷೆಗೆ ಬಂದಾಗ ಪ್ರೋಟೀನು ಇರಲಿಲ್ಲ. ಕಳೆ ತೆಗೆಯಲು ಹೋಗಬಹುದೇ ಎಂದು ಕೇಳಿದಳು. ಹೋಗು, ಆದರೆ ಮೊಣಕಾಲುದ್ದದ ಗಂಬೂಟು ಹಾಕಿಕೋ ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ.

"ಒಮ್ಮೆರೆ ಕೆಸರಾಗ ಇಳದು ನೋಡ್ರಿ ಸಾಹೇಬ್ರ. ಕಾಲು ಮ್ಯಾಲ ಬರ್ತಾವ, ಬೂಟು ಅಲ್ಲೇ ಉಳೀತಾವ."